ಹಲಸಿನ ಹಲಗೆ ಟೇಬಲ್: ಕೆಳಗೆ ಫ್ರೇಮ್ ಬಿಗಿಯುವ ಮುಂಚೆ

ಸರ್, ನೀವು ಬರೆದಿರುವುದು ಏಳಡಿ ಉದ್ದ, ಮೂರಡಿ ಅಗಲ, ಎರಡೂವರೆ ಇಂಚು ದಪ್ಪದ ಹಲಸಿನ ಹಲಗೆ. ಸಾಮಿಲ್‌ನಲ್ಲಿ ಕೊಯ್ಸಿ ಒಂದು ವರ್ಷ, ಸಕಲೇಶಪುರದ ಮನೆಗೆ ಊಟದ ಟೇಬಲ್ ಆಗಬೇಕು, ತುದಿಯಲ್ಲಿ ಸೀಳು ಬಿಟ್ಟಿದೆ. ಕೆಳಗೆ ಮರದ ಫ್ರೇಮ್ ಕೊಟ್ಟು ಫೆವಿಕಾಲ್ ಹಾಕಿ ಸ್ಕ್ರೂ ಹೊಡೆದರೆ ಸೀಳು ನಿಲ್ಲುತ್ತೆ ಅಂತ ಆಚಾರ್ರು ಹೇಳಿದ್ದಾರೆ. ನಿಲ್ಲಲ್ಲ, ಹೆಚ್ಚುತ್ತೆ.

ಮರ ಉದ್ದಕ್ಕೆ ಹೆಚ್ಚುಕಮ್ಮಿ ಅಲ್ಲಾಡಲ್ಲ, ಅಗಲಕ್ಕೆ ಅಲ್ಲಾಡುತ್ತೆ. ಜುಲೈ ಮಳೆಯಲ್ಲಿ ತೇವ ಕುಡಿದು ಹಿಗ್ಗುತ್ತೆ, ಮಾರ್ಚ್‌ಗೆ ಕುಗ್ಗುತ್ತೆ. ಮೂರಡಿ ಅಗಲಕ್ಕೆ ಈ ವ್ಯತ್ಯಾಸ ಸುಮಾರು ಕಾಲು ಇಂಚು. ಹಲಗೆಯನ್ನು ಕಟ್ಟಿಹಾಕಿದರೆ ಆ ಕಾಲು ಇಂಚು ಸೀಳನ್ನೇ ಅಗಲ ಮಾಡಿಕೊಳ್ಳುತ್ತೆ.

ಮೊದಲು ಒಣಗಿದೆಯಾ ನೋಡಿ. ನೆರಳಲ್ಲಿ ಇಂಚಿಗೆ ಒಂದು ವರ್ಷ ಅನ್ನುವುದು ಒರಟು ಲೆಕ್ಕ, ಹಾಗಾಗಿ ನಿಮ್ಮದು ಇನ್ನೂ ಹಸಿ ಇರಬಹುದು. ತೇವ ಅಳೆಯುವ ಮೀಟರ್ ಮೇಲ್ಪದರದ ತೇವವನ್ನಷ್ಟೇ ತೋರಿಸುತ್ತೆ. ಕಾಫಿ ಮೂಟೆ ತೂಗುವ ತಕ್ಕಡಿ ಇದ್ದರೆ ಹದಿನೈದು ದಿನಕ್ಕೊಮ್ಮೆ ತೂಗಿ. ಬೇಸಿಗೆಯಲ್ಲಿ ಎರಡು ತಿಂಗಳು ತೂಕ ಇಳಿಯದೆ ನಿಂತರೆ ಆಯಿತು. ಬೇಗ ಒಣಗಲಿ ಅಂತ ಕಣದ ಬಿಸಿಲಿಗೆ ಹಾಕಬೇಡಿ, ಮೇಲ್ಪದರ ಬಿರುಕು ಬಿಡುತ್ತೆ. ಹಲಗೆಯ ಕೆಳಗೆ ಒಂದೂವರೆ ಅಡಿಗೊಂದು ಪಟ್ಟಿ ಕೊಟ್ಟು, ಎರಡೂ ತುದಿಗೆ ಮೇಣ ಅಥವಾ ದಪ್ಪ ಪೇಂಟ್ ಬಳಿದಿಡಿ.

ಅಂಚು ಸಹಜವಾಗಿರಲಿ, ತೊಗಟೆ ಮಾತ್ರ ಬೇಡ. ಇವತ್ತಲ್ಲ ನಾಳೆ ಉದುರುತ್ತೆ, ಅದರಡಿ ಹುಳ ಸೇರುತ್ತೆ. ಮೊಂಡು ಉಳಿಯಲ್ಲಿ ಎಬ್ಬಿಸಿ, ನೈಲಾನ್ ಬ್ರಷ್ ಹಾಕಿ. ಹಲಸಿನ ಹಳದಿ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಭಯವಿಲ್ಲ, ಅಂಚಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತೆ (ಕಾಫಿ ಗಿಡದ ಬೋರರ್ ಅಲ್ಲ, ಬೇರೆ ಹುಳ). ಪಾಲಿಶ್‌ಗೆ ಮುಂಚೆ ಬೋರಾಕ್ಸ್, ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಎರಡು ಸಲ ಬಳಿದು ಪೂರ್ತಿ ಒಣಗಿಸಿ.

ಮಟ್ಟ ಮಾಡಲು ಎರಡು ನೇರ ಅಲ್ಯುಮಿನಿಯಂ ಪೈಪಿನ ಮೇಲೆ ಓಡುವ ರೂಟರ್ ಸ್ಲೆಡ್ (ಮರ ಕೆತ್ತುವ ರೂಟರ್ ಯಂತ್ರ ಕೂರಿಸಿದ ಜಾರುಹಲಗೆ) ಸಾಕು. ಒಂದು ಸಲಕ್ಕೆ ಎರಡು ಮಿ.ಮೀ.ಗಿಂತ ಹೆಚ್ಚು ತೆಗೆಯಬೇಡಿ. ಎರಡೂ ಮುಖದಿಂದ ಸಮ ತೆಗೆಯಿರಿ, ಒಂದೇ ಕಡೆ ಕೆತ್ತಿದರೆ ಹಲಗೆ ಬಟ್ಟಲಾಗುತ್ತೆ. ವಾರ ಬಿಟ್ಟು ಕೊನೆಯ ಕೈ ಕೊಡಿ.

ಸೀಳಿಗೆ ಅಡ್ಡಲಾಗಿ ಡಮರು ಆಕಾರದ ಗಟ್ಟಿಮರದ ತುಂಡು ಕೂರಿಸಿ. ನಾಲ್ಕು ಇಂಚು ಉದ್ದ, ಹಲಗೆಯ ದಪ್ಪದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಆಳ. ತುಂಡಿನ ಎಳೆ ಸೀಳಿಗೆ ಅಡ್ಡ ಇರಬೇಕು, ಸೀಳಿನ ಜೊತೆಗೇ ಓಡಿದರೆ ನಡುವಿಗೆ ಮುರಿಯುತ್ತೆ. ಸೀಳಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬುವ ಮುಂಚೆ ಅದರ ಗೋಡೆಗೆ ಅದನ್ನೇ ತೆಳ್ಳಗೆ ಒಂದು ಕೋಟ್ ಬಳಿದು ಬಿಡಿ, ಇಲ್ಲದಿದ್ದರೆ ಮರದ ಗಾಳಿ ಗುಳ್ಳೆಯಾಗಿ ಏಳುತ್ತೆ. ಡಬ್ಬಿಯಲ್ಲಿ ಬರೆದ ದಪ್ಪಕ್ಕಿಂತ ಒಂದೇ ಸಲ ಹೆಚ್ಚು ಸುರಿದರೆ ಕಾದು ಬಿರಿಯುತ್ತೆ. ಮಿಶ್ರಣ ತೂಕದಲ್ಲೋ ಅಳತೆಯಲ್ಲೋ ಅನ್ನುವುದನ್ನೂ ಡಬ್ಬಿಯಲ್ಲೇ ಓದಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ಮೇಲೆ ಅಂಟಂಟು ಪೊರೆ ಕೂರುತ್ತೆ.

ಈಗ ಫ್ರೇಮ್. ಒಣಗಿದ ಮೇಲೂ ಹಲಗೆ ಎಪ್ಪತ್ತು ಕೆ.ಜಿ. ಆಸುಪಾಸು ತೂಗುತ್ತೆ, ಎರಡಿಂಚು ಚೌಕದ ಕಬ್ಬಿಣದ ಪೈಪು ಇರಲಿ. ಕಾಲು ತುದಿಯಿಂದ ಒಂದಡಿ ಒಳಗೆ. ಟೇಬಲ್ ಎತ್ತರ ಒಟ್ಟು 30 ಇಂಚು, ಹಲಗೆಯ ದಪ್ಪ ಕಳೆದು ಕಾಲು ಕತ್ತರಿಸಿ. ಅಡ್ಡಪಟ್ಟಿಯ ನಡುವಿನ ಒಂದು ತೂತು ಮಾತ್ರ ದುಂಡಗೆ. ಉಳಿದವು ಹಲಗೆಯ ಅಗಲದ ದಿಕ್ಕಿಗೆ ಉದ್ದವಾದ ತೂತು, 8 ಮಿ.ಮೀ. ಬೋಲ್ಟಿಗೆ 20 ಮಿ.ಮೀ. ಉದ್ದ. ದೊಡ್ಡ ವಾಷರ್ ಹಾಕಿ, ಬೋಲ್ಟ್ ಜಾರುವಷ್ಟು ಮಾತ್ರ ಬಿಗಿ ಮಾಡಿ. ಅಂಟು ಎಲ್ಲೂ ಬೇಡ. ಮರದ ಫ್ರೇಮೇ ಬೇಕು ಅಂದರೂ ಇದೇ ಲೆಕ್ಕ. ಹಲಗೆ ಬಾಗದ ಹಾಗೆ ಸಿ-ಚಾನೆಲ್ (ಸಿ ಆಕಾರದ ಕಬ್ಬಿಣದ ಪಟ್ಟಿ) ಹುದುಗಿಸುವುದಾದರೆ ಅದು ಕೂರುವ ತೋಡಿನ ಎರಡೂ ತುದಿಗೆ ಕಾಲಿಂಚು ಜಾಗ ಬಿಡಿ.

ಪಾಲಿಶ್ ಪಿ.ಯು. (ಪಾಲಿಯುರೆಥೇನ್) ಆಗಲಿ ಎಣ್ಣೆಯಾಗಲಿ, ಮೇಲೆ ಮೂರು ಕೋಟ್ ಆದರೆ ಕೆಳಗೂ ಮೂರೇ. ಕೆಳಮುಖ ಬರಿದಾಗಿದ್ದರೆ ಅಲ್ಲಿಂದಲೇ ತೇವ ಹೀರಿ ಡೊಂಕಾಗುತ್ತೆ. ದಿನಾ ಬಿಸಿ ಪಾತ್ರೆ ಇಡುವ ಮನೆಗೆ ಎಣ್ಣೆಯೇ ಮೇಲು, ಕಲೆಯಾದ ಜಾಗ ಮಾತ್ರ ಉಜ್ಜಿ ಮತ್ತೆ ಬಳಿಯಬಹುದು. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತೆ. ಹೊರಗೆ ಹರಡಿ ಒಣಗಿಸಿ.