ನಮ್ಮ ಮಾವ ಎಲೆಕ್ಷನ್‌ಗೆ ನಿಲ್ತಾರೆ, ಪೈಪೋಟಿ ಬಿಗಿಯಿದೆ. ರಜೆ ಹಾಕಿ ಪ್ರಚಾರಕ್ಕೆ ಹೋಗಲಾ?

ರಜೆ ಹಾಕಿ. ಆದರೆ ನೀವು ಅಂದುಕೊಂಡ ತಿಂಗಳಲ್ಲಿ ಅಲ್ಲ.

2028ಕ್ಕೆ ಮಾವನಿಗೆ ಟಿಕೆಟ್ ಸಿಕ್ಕರೆ ಕೊನೆಯ ಒಂದು ತಿಂಗಳು ಊರಲ್ಲಿ ಓಡಾಡೋದಾ, ಬೆಂಗಳೂರಲ್ಲೇ ಕೂತು ಫೇಸ್‌ಬುಕ್, ವಾಟ್ಸಾಪ್ ನೋಡಿಕೊಳ್ಳೋದಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಮಾಡಿ ಸೋತವನು. ಕಲಬುರಗಿ ಜಿಲ್ಲೆ, ಯಾವ ಕ್ಷೇತ್ರ ಅಂತ ಹೇಳಲ್ಲ, ಯಾವ ವರ್ಷ ಅಂತಲೂ ಹೇಳಲ್ಲ, ಹೇಳಿದರೆ ನಮ್ಮ ಕಡೆಯವರಿಗೆ ನಾನು ಯಾರು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ನಾನು ಓಡಾಡಿದ್ದು ಅಪ್ಪನ ಹಳೇ ಗೆಳೆಯರಿಗೆ. ನಾವೆಲ್ಲ ಸಾಹೇಬ್ರು ಅಂತಲೇ ಕರೆಯೋದು. ಸೋತ ಅಂತರ ಸಾವಿರ ಮುಟ್ಟಲಿಲ್ಲ.

ಆರು ತಿಂಗಳು ಮುಂಚಿನಿಂದ ನನ್ನ ಕೆಲಸ ಪೇಜ್ ನೋಡಿಕೊಳ್ಳೋದು. ದಿನಕ್ಕೆ ನಾಲ್ಕು ವಿಡಿಯೋ, ಎಂಟು ಪೋಸ್ಟರ್. ಲೈಕ್ ಸಿಕ್ಕಾಪಟ್ಟೆ. ಅದರಲ್ಲಿ ಅರ್ಧ ಜನಕ್ಕೆ ನಮ್ಮ ಕ್ಷೇತ್ರದಲ್ಲಿ ಓಟೇ ಇರಲಿಲ್ಲ ಅನ್ನೋದು ಆಮೇಲೆ ಹೊಳೆದ ಮಾತು. ಕೊನೆಯ ತಿಂಗಳು ಊರಿಗೆ ಹೋದೆ. ನಲವತ್ತು ಡಿಗ್ರಿ ಬಿಸಿಲಲ್ಲಿ ಜೀಪಿನ ಹಿಂದೆ ನಿಂತು ಕೈ ಮುಗಿದಿದ್ದೇ ಮುಗಿದಿದ್ದು. ಅದರ ಬಗ್ಗೆ ಹೇಳೋದು ಜಾಸ್ತಿ ಏನಿಲ್ಲ.

ಮತದಾನದ ದಿನ ನನ್ನನ್ನು ನಮ್ಮೂರ ಬೂತಿಗೆ ಏಜೆಂಟ್ ಮಾಡಿದರು. ಓದಿದ ಹುಡುಗ, ಇವನಿಗೆ ಎಲ್ಲಾ ಗೊತ್ತು ಅಂತ. ಇಲ್ಲೇ ಎಡವಿದ್ದು ನಾನು.

ನಮ್ಮೂರ ಪಕ್ಕದ ತಾಂಡಾದವರ ಓಟು ನಮ್ಮ ಬೂತಿನಲ್ಲೇ. ಅಲ್ಲಿಯ ಮುಕ್ಕಾಲು ಜನ ಗುಳೆ ಹೋಗ್ತಾರೆ. ಪುಣೆ, ಮುಂಬೈ, ಹೈದರಾಬಾದ್. ಗೌಂಡಿ ಕೆಲಸ, ರಸ್ತೆ ಕೆಲಸ. ಆ ಸಲ 23 ಜನ ಪುಣೆಯಿಂದ ಬಂದಿದ್ದರು, ತಮ್ಮ ದುಡ್ಡಲ್ಲೇ ಟಿಕೆಟ್ ಮಾಡಿಸಿಕೊಂಡು, ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ನಿಂತುಕೊಂಡು. (ಗಾಡಿ ಮಾಡಿ ಕರಕೊಂಡು ಬರೋ ಯೋಚನೆ ನಿಮಗೆ ಬಂದಿದ್ದರೆ ಈಗಲೇ ಬಿಡಿ. ಅಭ್ಯರ್ಥಿ ಕಡೆಯವರು ಮತದಾರರಿಗೆ ವಾಹನ ಮಾಡಿಕೊಟ್ಟರೆ ಕಾನೂನು ಪ್ರಕಾರ ಅದು ಭ್ರಷ್ಟ ಆಚರಣೆ, ಗೆದ್ದರೂ ಆಯ್ಕೆ ರದ್ದಾಗಬಹುದು.)

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರಲ್ಲಿ ಮೊದಲನೆಯವರು ಒಳಗೆ ಬಂದರು. ಪಟ್ಟಿಯಲ್ಲಿ ಅವರ ಫೋಟೋ ಮೇಲೆ ಅಡ್ಡಡ್ಡ ‘ಡಿಲೀಟೆಡ್’ ಅಂತ ಅಚ್ಚಾಗಿತ್ತು. ಓಟಿಲ್ಲ. ಎರಡನೆಯವರದ್ದೂ ಅದೇ. ಮೂರನೆಯವರು ನನಗಿಂತ ಹತ್ತು ವರ್ಷ ದೊಡ್ಡವರು, ನಮ್ಮ ಮನೆ ಕಟ್ಟಿದ ಗೌಂಡಿ. ಅವರ ಹೆಸರು ಹೇಳಿದ ಕೂಡಲೇ ಎದುರು ಪಕ್ಷದ ಏಜೆಂಟ್ ಎದ್ದು ನಿಂತ. ‘ಸರ್, ಇವ್ರು ಊರಾಗ ಇಲ್ರೀ. ನಿಮ್ಮ ಹತ್ರ ಬ್ಯಾರೆ ಲಿಸ್ಟ್ ಐತಲ್ರೀ, ಅದ್ರಾಗ ನೋಡ್ರಿ.’ ಪಿಆರ್‌ಓ, ಅಂದರೆ ಬೂತಿನ ಮುಖ್ಯ ಅಧಿಕಾರಿ, ಇನ್ನೊಂದು ಹಾಳೆ ತೆಗೆದರು. ಅದರಲ್ಲಿ ಇವರ ಹೆಸರಿತ್ತು.

ಆ ಹಾಳೆಯ ಹೆಸರು ಎಎಸ್‌ಡಿ ಪಟ್ಟಿ. ಊರಲ್ಲಿ ಸಿಗದವರು, ಬೇರೆ ಕಡೆ ಹೋದವರು, ತೀರಿಕೊಂಡವರು. ಬಿಎಲ್‌ಓ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳೋ ಬೂತ್ ಮಟ್ಟದ ಅಧಿಕಾರಿ, ಮನೆ ಮನೆಗೆ ಬಂದಾಗ ತಾಂಡಾದ ಅರ್ಧ ಮನೆಗೆ ಬೀಗ ಇದ್ದರೆ ಅವರು ಇನ್ನೇನು ಬರೀತಾರೆ?

ನಾನು ಎದ್ದು ಹೇಳಿದೆ, ‘ಅಣ್ಣಾ, ನಿಮ್ಮ ಹೆಸ್ರೂ ತೆಗದಾರ. ಬಿಡ್ರಿ.’ ಹೊರಗೆ ಶಾಲೆಯ ಬೇವಿನ ಮರದ ಕೆಳಗೆ ಕೂತಿದ್ದ ಉಳಿದ ಇಪ್ಪತ್ತು ಜನಕ್ಕೂ ನಾನೇ ಹೋಗಿ ಹೇಳಿದೆ. ನಿಮ್ಮೆಲ್ಲರದ್ದೂ ಹೋಗಿದೆ, ಸುಮ್ನೆ ಬಿಸಿಲಲ್ಲಿ ಕೂರಬೇಡಿ ಅಂತ.

ಇದೇ ತಪ್ಪು. ಇದನ್ನ ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗಲ್ಲ, ಹಾಗಾಗಿ ನಿಧಾನಕ್ಕೆ ಓದಿ. ಡಿಲೀಟ್ ಬೇರೆ, ಎಎಸ್‌ಡಿ ಬೇರೆ. ಡಿಲೀಟ್ ಅಂದರೆ ಹೆಸರು ಪಟ್ಟಿಯಿಂದ ಹೋಯ್ತು, ಆ ದಿನ ಯಾರ ಕಾಲು ಹಿಡಿದರೂ ಓಟು ಸಿಗಲ್ಲ. ಎಎಸ್‌ಡಿ ಅಂದರೆ ಹೆಸರು ಪಟ್ಟಿಯಲ್ಲೇ ಇದೆ, ಇವರ ಹೆಸರಲ್ಲಿ ಬೇರೆಯವರು ಓಟು ಹಾಕದ ಹಾಗೆ ನೋಡ್ರಿ ಅಂತ ಅಧಿಕಾರಿಗೆ ಕೊಟ್ಟ ಎಚ್ಚರಿಕೆ, ಅಷ್ಟೇ. ಮನುಷ್ಯ ಗುರುತಿನ ಚೀಟಿ ಹಿಡಿದು ಖುದ್ದಾಗಿ ಬಂದರೆ, ಚೀಟಿ ಸರಿಯಾಗಿ ನೋಡಿ, ಒಂದು ಘೋಷಣೆ ಬರೆಸಿಕೊಂಡು, ಸಹಿ ಜೊತೆ ಹೆಬ್ಬೆಟ್ಟು ಒತ್ತಿಸಿಕೊಂಡು ಓಟು ಹಾಕಲು ಬಿಡಬೇಕು. ಎಪಿಕ್, ಅಂದರೆ ಮತದಾರರ ಗುರುತಿನ ಚೀಟಿ, ಇಲ್ಲದಿದ್ದರೆ ಆಧಾರ್ ನಡೆಯುತ್ತೆ, ಉದ್ಯೋಗ ಖಾತ್ರಿ ಜಾಬ್ ಕಾರ್ಡೂ ನಡೆಯುತ್ತೆ. ಅವರೆಲ್ಲರ ಕಿಸೆಯಲ್ಲಿ ಆಧಾರ್ ಇತ್ತು! ಇನ್ನು ಎದುರು ಏಜೆಂಟ್. ‘ಇವನು ಆ ಮನುಷ್ಯನೇ ಅಲ್ಲ’ ಅಂತ ಅವನು ತಕರಾರು ಮಾಡಬಹುದು, ಅದಕ್ಕೆ ಎರಡು ರೂಪಾಯಿ ಕಟ್ಟಬೇಕು, ಅಧಿಕಾರಿ ಅಲ್ಲೇ ವಿಚಾರಣೆ ಮಾಡಿ ತೀರ್ಮಾನ ಹೇಳ್ತಾರೆ. ಊರಲ್ಲಿಲ್ಲ, ಪುಣೆಯಲ್ಲಿದ್ದಾನೆ ಅನ್ನೋದು ಬೂತಿನೊಳಗೆ ಎತ್ತೋ ಪ್ರಶ್ನೆಯೇ ಅಲ್ಲ. ನಾನು ‘ಎರಡು ರೂಪಾಯಿ ಇಡಪ್ಪಾ’ ಅಂದಿದ್ದರೆ ಅವನು ಕೂತುಬಿಡ್ತಿದ್ದ. ನನಗೆ ಗೊತ್ತಿರಲಿಲ್ಲ. ಫೋನ್ ಒಳಗೆ ಬಿಡಲ್ಲ, ಯಾರನ್ನೂ ಕೇಳೋ ಹಾಗಿರಲಿಲ್ಲ. ಕೇಳಬೇಕು ಅಂತ ಅನಿಸಿಯೂ ಇರಲಿಲ್ಲ, ಅದು ಬೇರೆ ಮಾತು.

ಒಂದು ವಿಷಯ ಈಗಲೂ ನಿದ್ದೆ ಕೆಡಿಸುತ್ತೆ. ಪಿಆರ್‌ಓ ‘ಇಲ್ಲ’ ಅಂದಿರಲೇ ಇಲ್ಲ. ನಾನು ಬಾಯಿ ಹಾಕಿದಾಗ ಅವರು ಕೈಪಿಡಿಯ ಹಾಳೆ ತಿರುವುತ್ತಾ ಇದ್ದರು, ಬೆರಳಿಗೆ ಎಂಜಲು ಹಚ್ಚಿಕೊಂಡು, ಒಂದೊಂದಾಗಿ. ನಿಯಮ ಹುಡುಕ್ತಾ ಇದ್ದರು ಪಾಪ. ನಮ್ಮ ಕಡೆ ಏಜೆಂಟೇ ಬೇಡ ಅಂದ ಮೇಲೆ ಪುಸ್ತಕ ಮುಚ್ಚಿಟ್ಟರು.

ಮೂರೂವರೆಗೆ ಸೆಕ್ಟರ್ ಆಫೀಸರ್ ಸುತ್ತು ಹಾಕ್ತಾ ಬಂದರು. ಎಎಸ್‌ಡಿಯವರು ಎಷ್ಟು ಜನ ಹಾಕಿದರು ಅಂತ ಪಿಆರ್‌ಓ ಅವರನ್ನ ಕೇಳಿದಾಗ ನನ್ನ ಕೈಕಾಲು ತಣ್ಣಗಾಯ್ತು. ತಾಂಡಾಕ್ಕೆ ಓಡಿದೆ. ಐದು ಜನ ಇದ್ದರು. ಬಂದು ಹಾಕಿದರು. ಡಿಲೀಟ್ ಆದ ಇಬ್ಬರನ್ನ ಬಿಟ್ಟರೆ ಉಳಿದ 16 ಜನ ಮಧ್ಯಾಹ್ನವೇ ಕಲಬುರಗಿ ಸ್ಟೇಷನ್ ಕಡೆ ಹೊರಟುಬಿಟ್ಟಿದ್ದರು. ಮರುದಿನ ಹಾಜರಿ ತಪ್ಪಿದರೆ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಪಗಾರ ಕಡಿತಾನೆ. ನಮ್ಮ ಗೌಂಡಿಯೂ ಹೋಗಿದ್ದರು.

16 ಓಟಿಗೆ ಸಾಹೇಬ್ರು ಸೋತರು ಅಂತ ನಾನು ಹೇಳ್ತಾ ಇಲ್ಲ. ಆದರೆ ಲೆಕ್ಕ ನೋಡಿ. 2018ರಲ್ಲಿ ಆಳಂದದಲ್ಲಿ ಅಂತರ 697. 2023ರಲ್ಲಿ ಚಿಂಚೋಳಿಯಲ್ಲಿ 858. ಒಂದು ಕ್ಷೇತ್ರಕ್ಕೆ ಇನ್ನೂರಕ್ಕೂ ಜಾಸ್ತಿ ಬೂತ್ ಇರುತ್ತವೆ. ಅಂದರೆ ಬೂತಿಗೆ ಮೂರೋ ನಾಲ್ಕೋ ಓಟು. ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ ಮರುಎಣಿಕೆ ಎಲ್ಲಾ ಆಗಿ 16 ಓಟಲ್ಲಿ ತೀರ್ಮಾನ ಆಯ್ತು. ಹದಿನಾರು! ಆ ಅಂಕಿ ಟಿವಿಯಲ್ಲಿ ಬಂದಾಗ ನಾನು ಎದ್ದು ಹೊರಗೆ ಹೋದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಓಟು.

ಹಾಗಾಗಿ ಪ್ರಚಾರವಾ, ಸೋಶಿಯಲ್ ಮೀಡಿಯಾವಾ ಅನ್ನೋ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಜೀಪ್ ಹಿಂದೆ ಕೈ ಮುಗಿಯೋಕೆ ನಿಮ್ಮ ಮಾವನಿಗೆ ಐನೂರು ಜನ ಸಿಗ್ತಾರೆ. ಮತದಾರರ ಪಟ್ಟಿ ಕೈಯಲ್ಲಿ ಹಿಡಿದು ಸಾಲು ಸಾಲು ಓದೋಕೆ ಒಬ್ಬನೂ ಸಿಗಲ್ಲ, ಯಾಕಂದರೆ ಅದರಲ್ಲಿ ಫೋಟೋ ಬರಲ್ಲ, ಹಾರ ಬೀಳಲ್ಲ. ನೀವು ಅದನ್ನ ಮಾಡಿ. ಕರಡು ಪಟ್ಟಿ ಬಂದ ತಕ್ಷಣ ಡೌನ್‌ಲೋಡ್ ಮಾಡಿಕೊಳ್ಳಿ, ಆಕ್ಷೇಪಣೆಯ ಗಡುವಿನೊಳಗೆ ನೋಡಿ ಮುಗಿಸಿ. ಹೆಸರು ಹೋಗಿದ್ದರೆ ನಮೂನೆ 6, ತಿದ್ದುಪಡಿಗೆ ನಮೂನೆ 8. ನಾಮಪತ್ರದ ಕೊನೆ ದಿನ ದಾಟಿದರೆ ಪಟ್ಟಿಗೆ ಒಂದು ಹೆಸರೂ ಸೇರಲ್ಲ, ಆಮೇಲೆ ಎಂಎಲ್‌ಎ ಬಂದರೂ ಅಷ್ಟೇ, ಮಂತ್ರಿ ಬಂದರೂ ಅಷ್ಟೇ. ನಮೂನೆ 7, ಅಂದರೆ ಹೆಸರು ತೆಗೆಯಿರಿ ಅನ್ನೋ ಅರ್ಜಿ, ಯಾರು ಯಾರ ಮೇಲೆ ಹಾಕಿದ್ದಾರೆ ಅನ್ನೋದರ ಮೇಲೂ ಕಣ್ಣಿಡಿ. ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ 6,018 ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ ಅರ್ಜಿ ಬಂದಿದ್ದವು, ಪರಿಶೀಲಿಸಿದಾಗ ಸರಿಯಾಗಿದ್ದಿದ್ದು ಬರೀ 24. ಯಾರು ಮಾಡಿಸಿದ್ದು ಅಂತ ಪಕ್ಷಗಳು ಕಿತ್ತಾಡಿಕೊಳ್ಳಲಿ. ಬಿಎಲ್‌ಓ ಒಬ್ಬರಿಗೆ ತಮ್ಮ ಸಂಬಂಧಿಕರ ಹೆಸರೇ ಅದರಲ್ಲಿ ಕಾಣದಿದ್ದರೆ ಅದು ಹೊರಗೆ ಬರ್ತಿತ್ತಾ ಅನ್ನೋದು ನನ್ನ ಅನುಮಾನ.

ಗುಳೆ ಹೋದವರ ಓಟು ಊರಲ್ಲೇ ಉಳಿಯಬಹುದಾ ಅಂತ ನಿಮಗೆ ಸಂಶಯ ಬಂದಿರುತ್ತೆ. ಉಳಿಯಬಹುದು. ದುಡಿಯೋಕೆ ತಾತ್ಕಾಲಿಕವಾಗಿ ಹೋದ ಮಾತ್ರಕ್ಕೆ ಊರಿನ ವಾಸ ಹೋಗಲ್ಲ ಅಂತ ಕಾನೂನಲ್ಲೇ ಇದೆ. ಆದರೆ ಪುಣೆಯಲ್ಲೂ ಒಂದು, ಊರಲ್ಲೂ ಒಂದು ಹೆಸರು ಇಟ್ಟುಕೊಂಡವರು ಇರ್ತಾರೆ. ಅವರಿಗೆ ಒಂದನ್ನ ಬಿಡೋಕೆ ಹೇಳಿ. ಎರಡು ಕಡೆ ಇಡೋದು ಕಾನೂನಿಗೆ ವಿರುದ್ಧ.

ರಜೆ ಯಾವಾಗ ಅಂತೀರಾ? ದೀಪಾವಳಿಗೆ. ಹೊರಗೆ ಹೋದವರು ಎಲ್ಲೇ ಇದ್ದರೂ ತಾಂಡಾಕ್ಕೆ ಬರೋದು ಆಗಲೇ, ಮನೆ ಬೀಗ ತೆಗೆದಿರುತ್ತೆ. ಬಿಎಲ್‌ಓ ಅಂದರೆ ನಮ್ಮ ಕಡೆ ಬಹಳಷ್ಟು ಸಲ ಅಂಗನವಾಡಿ ಟೀಚರೇ, ಅವರಿಗೂ ಮೊದಲೇ ಹೇಳಿಟ್ಟು ಜೊತೆಗೆ ಹೋಗಿ, ಒಬ್ಬೊಬ್ಬರ ಫೋನ್ ನಂಬರ್ ಬರೆದುಕೊಳ್ಳಿ. ಮಾವನನ್ನ ಕರಕೊಂಡು ಹೋಗಬೇಡಿ, ಹೋದರೆ ಭಾಷಣ ಶುರುವಾಗುತ್ತೆ. ಹಬ್ಬ ಮುಗಿದ ಮೂರನೇ ದಿನ ಹೋದರೆ ಮತ್ತೆ ಬೀಗವೇ.