ಅಪ್ಪನ ರಜೆ ಯಾವಾಗ ಬೇಕು?

ದಾವಣಗೆರೆಯ ಹಿರಿಯ ಓದುಗರೊಬ್ಬರ ಪತ್ರ: ಕೇಂದ್ರ ಸರ್ಕಾರಿ ನೌಕರನಾದ ತಮ್ಮ ಮಗ 15 ದಿನ ಪಿತೃತ್ವ ರಜೆ ಹಾಕಿ, ಹೆಂಡತಿಯ ತವರಿನಲ್ಲಿ ಮೊಬೈಲ್ ನೋಡುತ್ತ ಕಳೆದನಂತೆ. ಮಗು ಸಾಕುವುದು ಹೆಂಗಸರಿಗೆ ಒಲಿದ ವಿದ್ಯೆ, ಗಂಡಸರಿಗೆ ಇಂಥ ರಜೆ ದಂಡ ಎಂಬುದು ಅವರ ತೀರ್ಮಾನ.

ಮಾನ್ಯರೇ, ನಿಮ್ಮ ನೇರ ಮಾತು ನನಗೆ ಮೆಚ್ಚುಗೆಯಾಯಿತು. ಹೆರುವುದೂ ಎದೆಹಾಲೂಡಿಸುವುದೂ ತಾಯಿಯ ಪಾಲಿನವೇ, ಒಪ್ಪಿದೆ. ಆದರೆ ನಿಮ್ಮ ಮಗ ಕೈಕಟ್ಟಿ ಕೂತದ್ದು ಎಲ್ಲಿ ಎಂಬುದನ್ನು ನೀವೇ ಬರೆದೂ ಗಮನಿಸಿಲ್ಲ. ನಮ್ಮಲ್ಲಿ ಬಾಣಂತಿ ಮೂರು ತಿಂಗಳೋ ಐದು ತಿಂಗಳೋ ತವರಿನಲ್ಲಿರುತ್ತಾಳೆ. ಎಣ್ಣೆ ಹಚ್ಚಿ ಎರೆಯಲು ಅಜ್ಜಿ, ಸಾಂಬ್ರಾಣಿ ಹೊಗೆ ಹಾಕಲು ಚಿಕ್ಕಮ್ಮ ಇರುವ ಆ ಮನೆಯಲ್ಲಿ ಅಳಿಯ ಮಗುವನ್ನು ಎತ್ತಿಕೊಂಡರೆ ‘ಇನ್ನೂ ಕತ್ತು ನಿಂತಿಲ್ಲ, ಇತ್ತ ಕೊಡಿ’ ಎನ್ನುವವರೇ ಎಲ್ಲರೂ. ನಿಯಮವಾದರೋ ಈ ರಜೆಯನ್ನು ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳಬೇಕೆನ್ನುತ್ತದೆ. ತಾಯಿಯ ಹೆರಿಗೆ ರಜೆಯೂ ಹೆಚ್ಚುಕಡಿಮೆ ಅಷ್ಟೇ. ಅವಳು ಕೆಲಸಕ್ಕೆ ಮರಳಿ, ಮನೆಯಲ್ಲಿ ನಿಜವಾಗಿ ಇನ್ನೊಂದು ಜೊತೆ ಕೈ ಬೇಕಾಗುವ ಹೊತ್ತಿಗೆ ತಂದೆಯ ರಜೆಯ ಗಡುವು ಮುಗಿದಿರುತ್ತದೆ.

ಮಗಳು ಹುಟ್ಟಿದಾಗ ನಾನಿದ್ದ ಕಚೇರಿ ನನಗೆ ಎರಡು ದಿನ ರಜೆ ಕೊಟ್ಟಿತ್ತು. ಐದನೆಯ ತಿಂಗಳಲ್ಲಿ ಮನೆಗೆ ಬಂದ ಮಗು ನನ್ನ ಮುಖ ಕಂಡು ಬೆಚ್ಚಿ ಅತ್ತಿತು. ಮುಂದೆ ಹೆಂಡತಿಗೆ ಟೈಫಾಯಿಡ್ ಆಗಿ ನಾನು ಮೂರು ವಾರ ಸಂಬಳವಿಲ್ಲದ ರಜೆ ಹಾಕಿದಾಗ, ರಾಗಿ ಸರಿಯನ್ನು ಗಂಟಾಗದಂತೆ ಕಾಯಿಸುವುದನ್ನೂ, ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಎಂಬುದನ್ನೂ ಕಲಿತೆ. ಆ ವಿದ್ಯೆ ಒಲಿಯಲು ಬೇಕಾದದ್ದು ಮೂರು ವಾರ, ಅಷ್ಟೇ.

ಸ್ವೀಡನ್ 1974ರಲ್ಲೇ ತಂದೆ ತಾಯಿ ಇಬ್ಬರಿಗೂ ರಜೆಯ ಹಕ್ಕು ಕೊಟ್ಟಿತು. ಬಹುಪಾಲು ತಂದೆಯರು ಅದನ್ನು ತಾಯಿಗೇ ಬಿಟ್ಟರು. 1995ರಲ್ಲಿ ಒಂದು ತಿಂಗಳನ್ನು, ಬಳಸದಿದ್ದರೆ ಕಳೆದುಹೋಗುವಂತೆ, ಪ್ರತಿಯೊಬ್ಬರಿಗೂ ಮೀಸಲಿಟ್ಟ ಮೇಲೆ ತಂದೆಯರು ಮುಂದೆ ಬಂದರು. 2016ರಿಂದ ಆ ಮೀಸಲು 90 ದಿನ.

ನಮ್ಮ ಕಾನೂನಿಗೆ ತಂದೆ ಕಣ್ಣಿಗೇ ಬೀಳುವುದಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ 50 ಮಂದಿ ದುಡಿಯುವ ಕಡೆ ಶಿಶುವಿಹಾರ ಇರಬೇಕೆಂದಿತು. ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರುವ ಹಕ್ಕನ್ನು ತಾಯಿಗೆ ಮಾತ್ರ ಕೊಟ್ಟಿತು. ಕೇಂದ್ರ ನೌಕರರ 730 ದಿನಗಳ ಶಿಶುಪಾಲನಾ ರಜೆ ಹೆಂಗಸರಿಗುಂಟು. ಗಂಡಸಿಗೆ, ಅವನು ಒಂಟಿ ಪೋಷಕನಾದರೆ ಮಾತ್ರ. ಹೆಂಡತಿ ಇಲ್ಲವಾದ ಮೇಲೆಯೇ ಗಂಡಸು ತಂದೆಯಾಗಬೇಕೆ? ಮಗುವಿಗೆ ಜ್ವರವೆಂದು ರಜೆ ಕೇಳಿದವನಿಗೆ ‘ಮನೆಯಲ್ಲಿ ಹೆಂಗಸರಿಲ್ಲವೇ’ ಎನ್ನುವ ಅಧಿಕಾರಿಗಳು ಈ ನಿಯಮಗಳ ನೆರಳಿನಲ್ಲೇ ಬೆಳೆದವರು.

ನಿಮ್ಮ ಸೊಸೆ ಕೆಲಸಕ್ಕೆ ಹೊರಡುವ ಮೊದಲ ವಾರ ಮಗನಿಗೆ ಒಂದಿಷ್ಟು ಗಳಿಕೆ ರಜೆ ಹಾಕಲು ಹೇಳಿ, ಮಗುವನ್ನು ಅವನ ಕೈಗೇ ಒಪ್ಪಿಸಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ