ಕ್ಯಾಂಪರ್ ವ್ಯಾನ್‌ನಲ್ಲಿ ಕೊಡಗು: ಡೀಸೆಲ್ ದರಕ್ಕಿಂತ ಮೊದಲು ಏರಿನ ಲೆಕ್ಕ

ಸರ್, ನಿಮ್ಮ ಪ್ರಶ್ನೆ ನೋಡಿದೆ. ಟೆಂಪೊ ಟ್ರಾವೆಲರ್‌ನ ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ಕೂರಿಸಿದ್ದೀರಿ. ಸಾಮಾನು ತುಂಬಿದ ಮೇಲೆ ಮೂರು ಟನ್ ಆಗುತ್ತೆ ಅಂದಿದ್ದೀರಿ. ಬೆಂಗಳೂರಿಂದ ಬಂದು ಮಡಿಕೇರಿಯಲ್ಲಿ ಬಿಡಾರ ಹೂಡಿ, ದಿನಕ್ಕೊಂದು ದಿಕ್ಕಿಗೆ ಹೋಗಿ ಸಂಜೆ ವಾಪಸ್ ಬರುವ ಯೋಚನೆ. ಡೀಸೆಲ್ ಏರಿದ್ದಕ್ಕೆ ಕೇಳಿರುವುದು ನಾಲ್ಕು: ಎಲ್ಲಿ ಹಾಕಿಸಿದರೆ ಅಗ್ಗ, ಕ್ಯಾನಿನಲ್ಲಿ ತುಂಬಿಕೊಂಡು ಬರಲಾ, ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಉಳಿಯುತ್ತಾ, ನೀರಿನ ಟ್ಯಾಂಕ್ ಖಾಲಿ ಇಟ್ಟುಕೊಂಡು ಬರಲಾ. ನಾಲ್ಕಕ್ಕೂ ಉತ್ತರ ಕೆಳಗಿದೆ. ಆದರೆ ನಿಮ್ಮ ದುಡ್ಡು ಹೋಗುವುದು ಈ ನಾಲ್ಕರಲ್ಲಿ ಅಲ್ಲ, ನೀವು ಕೇಳದೇ ಬಿಟ್ಟ ಐದನೆಯದರಲ್ಲಿ. ಅದು ಮಡಿಕೇರಿಯಲ್ಲಿ ಬಿಡಾರ ಹೂಡುವ ವಿಚಾರ.

ದರದ ಮಾತು ಬೇಗ ಮುಗಿಸುತ್ತೇನೆ. ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 18.44ಕ್ಕೆ ಏರಿತು, 2025ರ ಏಪ್ರಿಲ್ 1ರಿಂದ ಶೇ 21.17 ಆಯಿತು. ಎರಡನೇ ಸಲ ಲೀಟರಿಗೆ ಎರಡು ರೂಪಾಯಿ ಬಿತ್ತು. ಸಾಗಣೆ ವೆಚ್ಚ ಸೇರುವುದರಿಂದ ಮಡಿಕೇರಿಯ ದರ ಸಾಮಾನ್ಯವಾಗಿ ಮೈಸೂರಿಗಿಂತ ಒಂದು ರೂಪಾಯಿ ಆಚೀಚೆ ಜಾಸ್ತಿಯೇ ಇರುತ್ತೆ. ಮಂಗಳೂರು ಕಡೆ ಇನ್ನೂ ಕಡಿಮೆ. ಆದ್ದರಿಂದ ಮೈಸೂರು ದಾರಿಯಲ್ಲಿ ಬರುವವರು ಮೈಸೂರಿನಲ್ಲಿ, ಸುಳ್ಯ ದಾರಿಯಲ್ಲಿ ಹತ್ತುವವರು ಪುತ್ತೂರು ಇಲ್ಲವೇ ಸುಳ್ಯದಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ಮಾಕುಟ್ಟದ ಮೂಲಕ ಕಣ್ಣೂರಿಗೆ ಇಳಿಯುವುದಿದ್ದರೆ ವಿರಾಜಪೇಟೆಯಲ್ಲೇ ತುಂಬಿಸಿ, ಕೇರಳದಲ್ಲಿ ದರ ಜಾಸ್ತಿ. ಭಾಗಮಂಡಲ, ಕುಟ್ಟ ಕಡೆಗೆ ಕಾಲು ಟ್ಯಾಂಕಿನಲ್ಲಿ ಹೊರಡಬೇಡಿ. ಅಷ್ಟೇ. ಅರವತ್ತು ಲೀಟರ್ ಹಾಕಿಸಿ ಲೀಟರಿಗೆ ಒಂದು ರೂಪಾಯಿ ಉಳಿದರೂ ಅರವತ್ತೇ ರೂಪಾಯಿ. ಅದಕ್ಕಾಗಿ ಆರು ಕಿಲೋಮೀಟರ್ ಸುತ್ತಿದರೆ ಉಳಿದದ್ದು ಅಲ್ಲೇ ಸುಟ್ಟುಹೋಯಿತು.

ಕ್ಯಾನು ಬೇಡ. ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ನಿಮಗೆ ಉಳಿಯುವುದು ಇಪ್ಪತ್ತೋ ನಲವತ್ತೋ ರೂಪಾಯಿ. ತಿರುವಿನಲ್ಲಿ ಮುಚ್ಚಳದಿಂದ ಒಂದು ಲೋಟ ಚೆಲ್ಲಿದರೆ ಹಾಸಿಗೆಗೆ ಹಿಡಿದ ವಾಸನೆ ತಿಂಗಳಾದರೂ ಹೋಗಲ್ಲ. ಮಲಗುವ ಜಾಗದಲ್ಲಿ ಇಂಧನ ಇಡುವುದು ಹೇಗೂ ಸರಿಯಲ್ಲ. ಅಗ್ಗಕ್ಕೆ ಸಿಗುತ್ತೆ ಅಂತ ಯಾರೋ ಬಿಡಿಯಾಗಿ ಮಾರುವ ಎಣ್ಣೆಯನ್ನಂತೂ ಈಗಿನ ಕಾಮನ್ ರೈಲ್ (ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಎಂಜಿನ್ನಿಗೆ ತೋರಿಸಲೂ ಬೇಡಿ, ಚಿಮ್ಮಿಸುವ ಇಂಜೆಕ್ಟರ್ ಹೋದರೆ ಹತ್ತು ಪ್ರವಾಸದ ಡೀಸೆಲ್ ದುಡ್ಡು ಹೋದಂತೆ.

ಈಗ ಏರಿನ ಲೆಕ್ಕ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ, ಅದರಲ್ಲಿ ಚಕ್ರಕ್ಕೆ ತಲುಪುವುದು ಮೂರನೇ ಒಂದು ಪಾಲು, ಅಂದರೆ 12. ಮೂರು ಟನ್ ಗಾಡಿಯನ್ನು ನೂರು ಮೀಟರ್ ಮೇಲಕ್ಕೆ ಎತ್ತಲು ಹೆಚ್ಚುಕಡಿಮೆ 3 ಮೆಗಾಜೂಲ್ ಬೇಕು. ಅಲ್ಲಿಗೆ ನೂರು ಮೀಟರ್ ಏರಿಗೆ ಕಾಲು ಲೀಟರ್. ರಸ್ತೆಯ ಉದ್ದಕ್ಕೆ ತಗಲುವ ಡೀಸೆಲ್ ಇದಕ್ಕೆ ಹೊರತು. ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಏರು, ಬರೀ ಎತ್ತುವುದಕ್ಕೇ ಎರಡೂವರೆ ಲೀಟರ್. ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರಿನಲ್ಲಿ ನಾನೂರು ಮೀಟರ್ ಹತ್ತಿರ, ಒಂದು ಲೀಟರ್. ಕುಶಾಲನಗರದಿಂದ ಮಡಿಕೇರಿಗೆ ಮುನ್ನೂರು ಮೀಟರ್, ಮುಕ್ಕಾಲು ಲೀಟರ್.

ಮಡಿಕೇರಿ ಇರುವುದು ಸುಮಾರು 1,150 ಮೀಟರಿನಲ್ಲಿ. ಕುಶಾಲನಗರ, ಸಿದ್ದಾಪುರ, ಗೋಣಿಕೊಪ್ಪ, ವಿರಾಜಪೇಟೆ ಎಲ್ಲ ಅದಕ್ಕಿಂತ ಇನ್ನೂರೈವತ್ತು, ಮುನ್ನೂರು ಮೀಟರ್ ಕೆಳಗೆ. ಮಡಿಕೇರಿಯಲ್ಲಿ ಬಿಡಾರ ಹೂಡಿದರೆ ಪ್ರತಿ ಸಂಜೆ ಮೂರು ಟನ್ ಹೊತ್ತು ಮನೆಗೆ ಹತ್ತಬೇಕು. ನಿಮ್ಮ ಪಟ್ಟಿಯನ್ನೇ ತೆಗೆದುಕೊಳ್ಳಿ: ದುಬಾರೆ, ಇರುಪು, ಕಕ್ಕಬ್ಬೆ, ತಲಕಾವೇರಿ. ನಾಲ್ಕಕ್ಕೂ ಮಡಿಕೇರಿಯಿಂದ ಹೋಗಿ ಬಂದರೆ ಸುಮಾರು ನಾನೂರು ಕಿಲೋಮೀಟರ್, ಅದರಲ್ಲಿ ಇರುಪು ಒಂದೇ ನೂರೈವತ್ತರ ಮೇಲೆ. ಬದಲಿಗೆ ಬಳೆ ಸುತ್ತಿದ ಹಾಗೆ ಹೋಗಿ: ಕುಶಾಲನಗರದಲ್ಲಿ ಮೊದಲ ರಾತ್ರಿ, ದುಬಾರೆ ನೋಡಿಕೊಂಡು ಸಿದ್ದಾಪುರದ ಮೇಲೆ ಗೋಣಿಕೊಪ್ಪ, ಅಲ್ಲಿಂದ ಶ್ರೀಮಂಗಲ, ಇರುಪು, ವಾಪಸ್ ವಿರಾಜಪೇಟೆ, ಕಕ್ಕಬ್ಬೆ, ನಾಪೋಕ್ಲು, ಕೊನೆಗೆ ಮಡಿಕೇರಿ. ಮಡಿಕೇರಿಯ ಏರನ್ನು ಒಂದೇ ಸಲ ಹತ್ತುತ್ತೀರಿ. ಅಲ್ಲಿ ಗಾಡಿ ನಿಲ್ಲಿಸಿ ತಲಕಾವೇರಿಗೆ ಬಸ್ ಹಿಡಿಯಿರಿ. ಭಾಗಮಂಡಲದವರೆಗೆ ಬಸ್ ಇದೆ, ಮೇಲಕ್ಕೆ ಆಟೋ ಅಥವಾ ಜೀಪು. ಮಾಂದಲಪಟ್ಟಿಗೆ ಟ್ರಾವೆಲರ್ ಒಯ್ಯುವ ಮಾತೇ ಇಲ್ಲ, ಜೀಪೇ. ಹೀಗೆ ಮಾಡಿದರೆ ಜಿಲ್ಲೆಯೊಳಗಿನ ಓಡಾಟ ಇನ್ನೂರು, ಇನ್ನೂರೈವತ್ತರಲ್ಲಿ ಮುಗಿಯುತ್ತೆ. ಘಾಟಿ ರಸ್ತೆಯಲ್ಲಿ ಲೀಟರಿಗೆ ಒಂಬತ್ತು ಕಿ.ಮೀ. ಹಿಡಿದರೆ ಹದಿನೇಳು ಲೀಟರ್ ಉಳಿತಾಯ. ಲೀಟರಿಗೆ 92 ಅಂತ ಇಟ್ಟುಕೊಂಡರೂ ಸಾವಿರದ ಐನೂರು ದಾಟಿತು. ಡೀಸೆಲ್ ಐದು ರೂಪಾಯಿ ಏರಿದರೂ ನಿಮ್ಮ ಇಡೀ ಪ್ರವಾಸಕ್ಕೆ ಬೀಳುವ ಹೊರೆ ಇದರ ಕಾಲು ಭಾಗದಷ್ಟೇ.

ರಾತ್ರಿ ಎಲ್ಲಿ ನಿಲ್ಲಿಸುವುದು ಅಂತ ಮುಂದಿನ ಪ್ರಶ್ನೆ ಬರುತ್ತೆ. ತೋಟದ ಮನೆಗಳ ಕಾಫಿ ಕಣ ಕೇಳಿ ನೋಡಿ. ಸಿಮೆಂಟು ಹಾಕಿ ಮಟ್ಟ ಮಾಡಿದ ಜಾಗ, ಮಳೆಯಲ್ಲೂ ಚಕ್ರ ಹೂಳಲ್ಲ, ಪಕ್ಕದಲ್ಲೇ ನೀರು, ಕರೆಂಟು. ಆದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೇಳಬೇಡಿ, ಕಣದ ತುಂಬ ಕಾಫಿ ಒಣಗುತ್ತಿರುತ್ತೆ, ಅದರ ಮೇಲೆ ಟೈರ್ ಹತ್ತಿಸಿದರೆ ಮನೆಯವರು ಬಾಯಿ ಬಿಟ್ಟು ಏನೂ ಹೇಳದಿದ್ದರೂ ಮುಖದಲ್ಲಿ ಗೊತ್ತಾಗುತ್ತೆ. ಆ ತಿಂಗಳುಗಳಲ್ಲಿ ಹೋಂಸ್ಟೇ ಅಂಗಳವೇ ಗತಿ. ಸಿದ್ದಾಪುರ, ತಿತಿಮತಿ ಕಡೆ ರಸ್ತೆ ಬದಿಯಲ್ಲಿ ನಿಲ್ಲಿಸಿ ಮಲಗುವುದು ಬೇಡವೇ ಬೇಡ, ಆನೆ ಓಡಾಡುವ ಜಾಗ. ಹಲಸಿನ ಕಾಲದಲ್ಲಿ ಗಾಡಿಯೊಳಗೆ ಹಣ್ಣು ಇಟ್ಟುಕೊಂಡು ಮಲಗುವುದಂತೂ ಆನೆಗೆ ಕರೆಯೋಲೆ ಕಳಿಸಿದ ಹಾಗೆ.

ಎರಡನೇ ದೊಡ್ಡ ಸೋರಿಕೆ ನಿಂತ ಗಾಡಿಯ ಎಂಜಿನ್. ಎರಡೂವರೆ ಲೀಟರ್ ಗಾತ್ರದ ಡೀಸೆಲ್ ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಗಂಟೆಗೆ ಮುಕ್ಕಾಲು ಲೀಟರ್ ಕುಡಿಯುತ್ತೆ, ಎಸಿ ಹಾಕಿದರೆ ಒಂದು ಲೀಟರ್ ದಾಟುತ್ತೆ. ಮಳೆಗಾಲದಲ್ಲಿ ಇಲ್ಲಿ ಸೋಲಾರ್ ಪ್ಯಾನೆಲ್ ನಾಲ್ಕೈದು ದಿನ ಹೆಸರಿಗಷ್ಟೇ ಇರುತ್ತೆ. ಆಗ ಎಲ್ಲರೂ ಮಾಡುವುದು ಎಂಜಿನ್ ಹಚ್ಚಿ, ವ್ಯಾನಿನೊಳಗಿನ ಬಳಕೆಗೆ ಇಟ್ಟ ಬ್ಯಾಟರಿ ಚಾರ್ಜ್ ಮಾಡುವುದು. ನೂರು ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಶೇ 20ಕ್ಕೆ ಇಳಿದಿದೆ ಅನ್ನಿ. ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ ಆಲ್ಟರ್ನೇಟರಿನಿಂದ (ಎಂಜಿನ್ನಿನ ಡೈನಮೊ) ಇಪ್ಪತ್ತೈದು ಆಂಪಿಯರ್ ಬಂದರೂ ತುಂಬಲು ಮೂರು ಗಂಟೆಗೂ ಮೇಲೆ ಬೇಕು. ಎರಡೂವರೆ ಲೀಟರ್, 230 ರೂಪಾಯಿ. ಅದೇ ಬ್ಯಾಟರಿಗೆ ಮನೆಯ ಪ್ಲಗ್ಗಿನಿಂದ ಒಂದೂವರೆ ಯೂನಿಟ್ ಸಾಕು, ಹತ್ತು ಹದಿನೈದು ರೂಪಾಯಿ. ತೋಟದವರಿಗೆ ನೂರು ರೂಪಾಯಿ ಕೊಟ್ಟರೂ ಲಾಭ. ಇಪ್ಪತ್ತೈದು ಮೀಟರ್ ಉದ್ದದ, 2.5 ಚದರ ಮಿಲಿಮೀಟರ್ ವಯರಿನ ಎಕ್ಸ್‌ಟೆನ್ಷನ್, 15 ಆಂಪಿಯರ್ ಪ್ಲಗ್, ಬೋರ್ಡಿನ ಮೇಲೆ ಮಳೆ ಬೀಳದ ಮುಚ್ಚಳ, ಜೊತೆಗೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಆರ್‌ಸಿಸಿಬಿ. ಒದ್ದೆ ನೆಲದಲ್ಲಿ ಈ ಕೊನೆಯದನ್ನು ಬಿಡಬೇಡಿ. ಓಡುವಾಗ ತುಂಬುವುದಕ್ಕೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ, ಹೇಗೂ ಎಂಜಿನ್ ಓಡುತ್ತಿರುತ್ತೆ. ಮಲಗಿರುವಾಗ ಎಂಜಿನ್ ಚಾಲೂ ಇಡುವುದು ಡೀಸೆಲ್ ಲೆಕ್ಕಕ್ಕಿಂತ ದೊಡ್ಡ ವಿಷಯ, ಹೊಗೆ ಒಳಗೆ ಬಂದರೆ ಎದ್ದೇಳಲ್ಲ. ಚಳಿಗೆ ಕಂಬಳಿ ಇದೆ.

ನ್ಯೂಟ್ರಲ್ ವಿಷಯ. ಇದೊಂದು ನಂಬಿಕೆ ಹಳೇ ಗಾಡಿಗಳ ಕಾಲದಿಂದ ಹೋಗಿಯೇ ಇಲ್ಲ. ಕಾಮನ್ ರೈಲ್ ಎಂಜಿನ್ ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಮುಚ್ಚಿಕೊಳ್ಳುತ್ತವೆ, ಡೀಸೆಲ್ ಸೊನ್ನೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತೆ. ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಎಂಜಿನ್ ತನ್ನನ್ನು ತಾನೇ ಓಡಿಸಿಕೊಳ್ಳಬೇಕು, ಗಂಟೆಗೆ ಮುಕ್ಕಾಲು ಲೀಟರ್ ಶುರು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಷ್ಟರಲ್ಲಿ ಅರ್ಧ ಲೀಟರಿಗೂ ಮೇಲೆ ಪೋಲು. ಎಂಜಿನ್ ಬ್ರೇಕ್ ಇಲ್ಲದೆ ಮೂರು ಟನ್ ಪೂರಾ ಬ್ರೇಕ್ ಶೂ ಮೇಲೆ. ಮೊದಲು ಸುಟ್ಟ ವಾಸನೆ, ಆಮೇಲೆ ಪೆಡಲ್ ಮೆತ್ತಗೆ, ಅಷ್ಟರಲ್ಲಿ ಎದುರಿನ ತಿರುವಿನಲ್ಲಿ ಬಸ್. ಹತ್ತುವುದಕ್ಕೆ ಯಾವ ಗೇರು ಬೇಕೋ ಇಳಿಯುವುದಕ್ಕೂ ಅದೇ ಗೇರು. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಮೂರು ಸೆಕೆಂಡ್ ಒತ್ತಿ ಬಿಡಿ, ಉದ್ದಕ್ಕೂ ಕಾಲು ಸವರುತ್ತಾ ಬರಬೇಡಿ. ಹತ್ತುವಾಗ ಟರ್ಬೊ ಸರಿಯಾಗಿ ಎಳೆಯುವ 1,500ರಿಂದ 2,200 ಆರ್‌ಪಿಎಂ ನಡುವೆ ಇಡಿ. ಮೇಲಿನ ಗೇರಿನಲ್ಲಿ ಗಡಗಡ ಅನ್ನಿಸಿಕೊಂಡು ಎಳೆಸಿದರೆ ಉಳಿತಾಯ ಆಗಲ್ಲ, ಹೊಗೆ ಬರುತ್ತೆ, ಕ್ಲಚ್ ಸವೆಯುತ್ತೆ.

ನೀರು ಖಾಲಿ ಮಾಡಿ ಬರುವುದು: ನೂರು ಲೀಟರ್ ನೀರು ನೂರು ಕೆಜಿ. ಸಾವಿರ ಮೀಟರ್ ಏರಿಗೆ 80 ಮಿಲಿ ಡೀಸೆಲ್, ಮಟ್ಟ ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಹತ್ತಿರಹತ್ತಿರ ಅಷ್ಟೇ. ಬೆಂಗಳೂರಿಂದ ತುಂಬಿಕೊಂಡು ಬಂದರೆ ಹೆಚ್ಚೆಂದರೆ ಕಾಲು ಲೀಟರ್. ಖಾಲಿ ತನ್ನಿ, ಕೊಡಗಿನಲ್ಲಿ ನೀರಿಗೆ ಬರ ಇಲ್ಲ, ಆದರೆ ಇದರಿಂದ ದೊಡ್ಡದೇನೂ ಉಳಿಯಲ್ಲ. ಅದಕ್ಕಿಂತ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರಲ್ಲಿ ಹೋಗುವ ಬದಲು ಎಂಬತ್ತಕ್ಕೆ ಇಳಿಸಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಇಷ್ಟು ಅಗಲ ಎತ್ತರದ ಮುಂಭಾಗಕ್ಕೆ ಆ 118 ಕಿಲೋಮೀಟರಿನಲ್ಲೇ ಮೂರು ಲೀಟರ್ ಹತ್ತಿರ ವ್ಯತ್ಯಾಸ. ತಡವಾಗುವುದು ಹದಿನೇಳು ಹದಿನೆಂಟು ನಿಮಿಷ. ಮೇಲಿನ ಕ್ಯಾರಿಯರ್‌ನಲ್ಲಿ ಕುರ್ಚಿ, ಚೀಲ ಕಟ್ಟಿದ್ದರೆ ಇಳಿಸಿ ಒಳಗೆ ಹಾಕಿ, ತೂಕ ಅಷ್ಟೇ ಇದ್ದರೂ ಗಾಳಿಗೆ ಅಡ್ಡ ಬರಲ್ಲ. ಸೋಲಾರ್ ಪ್ಯಾನೆಲ್ ಚಪ್ಪಟೆ ಇದ್ದರೆ ಮುಟ್ಟಬೇಡಿ.

ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಇನ್ನೊಂದು ಎಚ್ಚರಿಕೆ. ಬಿಡಾರದಿಂದ ಅಂಗಡಿಗೆ ಮೂರು ಕಿಲೋಮೀಟರ್, ಜಲಪಾತಕ್ಕೆ ಐದು, ಎಲ್ಲ ಎರಡನೇ ಗೇರಿನಲ್ಲಿ. ಹೀಗೇ ನಾಲ್ಕು ದಿನ ಓಡಿಸಿದರೆ ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ, ಮಸಿ ಕಟ್ಟುತ್ತೆ. ಅದನ್ನು ಸುಡಲು ಗಾಡಿ ತಾನೇ ಹೆಚ್ಚು ಡೀಸೆಲ್ ಚಿಮ್ಮಿಸಲು ಶುರು ಮಾಡುತ್ತೆ, ನೀವು ಮಧ್ಯದಲ್ಲೇ ಕೀ ತೆಗೆದರೆ ಆ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಇದೇ ಕಾರಣ, ಆಯಿಲ್ ಬದಲಿಸಲೇಬೇಕು. ಡಿಪಿಎಫ್ ದೀಪ ಹತ್ತಿದ ದಿನ ಕುಶಾಲನಗರ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣ ಕಡೆಗೆ ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಮೇಲೆ ನಿಲ್ಲಿಸದೆ ಓಡಿಸಿ. ದೀಪ ಮಿನುಗಲು ಶುರುವಾಗಿದ್ದರೆ ಅಥವಾ ಗಾಡಿ ಎಳೆಯುತ್ತಿಲ್ಲ ಅಂದರೆ ಈ ಪ್ರಯೋಗ ಬೇಡ, ಸರ್ವೀಸ್‌ಗೆ ಒಯ್ಯಿರಿ. ಚಿಕ್ಕ ಓಡಾಟಕ್ಕೆ ಬಾಡಿಗೆ ಸ್ಕೂಟರ್ ಇಲ್ಲವೇ ಖಾಸಗಿ ಬಸ್ಸೇ ವಾಸಿ.

ಹೊರಡುವ ಮುಂಚೆ ಟೈರ್ ಗಾಳಿಯನ್ನು ಬೆಳಗ್ಗೆ ತಣ್ಣಗಿರುವಾಗ ನೋಡಿ, ಅಳತೆ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಇರುತ್ತೆ. ಐವತ್ತು ಪಿಎಸ್‌ಐ ಟೈರಿನಲ್ಲಿ ಹವೆ ಹತ್ತು ಡಿಗ್ರಿ ತಣ್ಣಗಾದರೆ ಎರಡು ಪಿಎಸ್‌ಐ ತಾನೇ ಇಳಿಯುತ್ತೆ, ಮಡಿಕೇರಿಗೆ ಬಂದ ಮರುದಿನ ಇನ್ನೊಮ್ಮೆ ನೋಡಿ. ಮಳೆಯಲ್ಲಿ ಎರಡು ಮೂರು ದಿನ ನಿಲ್ಲಿಸುವುದಿದ್ದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ಹಿಡಿದುಕೊಳ್ಳುತ್ತೆ. ಮಟ್ಟ ಜಾಗದಲ್ಲಿ ಮೊದಲ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಹೊರಟ ಮೇಲೆ ಇಪ್ಪತ್ತು ಕಿಲೋಮೀಟರಿಗೆ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟದೆ. ಒಂದು ಮಾತ್ರ ಉಳಿದವುಗಳಿಗಿಂತ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ, ಮೈಲೇಜ್ ಹೋಗುತ್ತಿರುವುದೂ ಅಲ್ಲೇ. ಮೈಲೇಜ್ ಏರಿಸುವ ಬಾಟಲಿಗಳು, ದುಬಾರಿ ಪ್ರೀಮಿಯಂ ಡೀಸೆಲ್, ಇವಕ್ಕೆ ಕೊಟ್ಟ ದುಡ್ಡು ಮೈಲೇಜಿನಲ್ಲಿ ವಾಪಸ್ ಬರಲ್ಲ.

ನಿಮ್ಮ ಗಾಡಿಯ ನಿಜವಾದ ಮೈಲೇಜ್ ಎಷ್ಟು ಅಂತ ಬರೆದಿಲ್ಲ. ಡ್ಯಾಶ್‌ಬೋರ್ಡ್ ತೋರಿಸುವುದನ್ನು ನಂಬದೆ ಹೀಗೆ ಅಳೆಯಿರಿ: ಬಂಕಿನಲ್ಲಿ ನಳಿಕೆ ತಾನೇ ಮೊದಲ ಸಲ ಕಟ್ ಆಗುವವರೆಗೆ ತುಂಬಿಸಿ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ ಇನ್ನೂರು ಕಿಲೋಮೀಟರ್ ಆದ ಮೇಲೆ ಮಟ್ಟ ನೆಲ ಇರುವ ಬಂಕಿನಲ್ಲಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಆ ಲೀಟರಿನಿಂದ ಭಾಗಿಸಿ. ಅಳತೆಯ ಮೇಲೆ ಅನುಮಾನ ಬಂದರೆ ಬಂಕಿನಲ್ಲಿ ಮುದ್ರೆ ಹಾಕಿದ ಐದು ಲೀಟರ್ ಅಳತೆ ಪಾತ್ರೆ ಇರುತ್ತೆ, ಹಿಡಿದು ತೋರಿಸಿ ಅಂತ ಕೇಳಬಹುದು. ಹೆದ್ದಾರಿಗೆ ಒಂದು, ಕೊಡಗಿನೊಳಗೆ ಒಂದು, ಎರಡು ಅಂಕಿ ಬೇರೆಬೇರೆ ಬರೆದಿಟ್ಟು ಇಲ್ಲೇ ಹಾಕಿ. ಮಟ್ಟ ರಸ್ತೆಯಲ್ಲೇ ಹತ್ತಕ್ಕಿಂತ ಕಡಿಮೆ ಬರುತ್ತಿದ್ದರೆ ಪ್ರವಾಸಕ್ಕೆ ಮೊದಲು ಏರ್ ಫಿಲ್ಟರ್, ವ್ಹೀಲ್ ಅಲೈನ್‌ಮೆಂಟ್, ಬ್ರೇಕ್ ಈ ಮೂರನ್ನು ಅದೇ ಕ್ರಮದಲ್ಲಿ ನೋಡಿಸಿ.